ಎರಡೂವರೆ ಗಂಟೆಯ ದಿಲ್ಲಿ

ನನಗೆ ವಿಮಾನವೆಂದರೆ ಹೆದರಿಕೆ. ನಿಮಗೆ ಹೇಳಿದಷ್ಟು ಸಲೀಸಾಗಿ ಇದನ್ನು ಹೆಂಡತಿಗೆ ಹೇಳಿದ್ದರೆ ನಮ್ಮಿಬ್ಬರಿಗೂ ಒಂದು ವರ್ಷ ಉಳಿಯುತ್ತಿತ್ತು. ಇಳಕಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು ನಾನು. ಗಾಳಿಯ ಒತ್ತಡ, ಮೋಡಗಳ ಬಗೆ, ಎಲ್ಲ ಬಾಯಿಪಾಠ. ಆದರೆ ಆ ಮೋಡಗಳ ನಡುವೆ ಹೋಗಿ ಕೂರುವುದು ಪಠ್ಯದಲ್ಲಿಲ್ಲ.

ಹೆಂಡತಿ ಶಾರದಾಳಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕು ದಿಲ್ಲಿಗೆ ವರ್ಗವಾದಾಗ ಆಕೆ ಹಿಂದೆಮುಂದೆ ನೋಡಿದಳು. ಧೈರ್ಯ ತುಂಬಿದವನು ನಾನೇ. ಮೊಬೈಲಿನಲ್ಲಿ ಹುಡುಕಿ ತೋರಿಸಿದೆ: ಹುಬ್ಬಳ್ಳಿಯಿಂದ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್, ವಿಮಾನದಲ್ಲಿ ಎರಡೂವರೆ ಗಂಟೆ. "ಬಾದಾಮಿ ಬಸ್ ಹತ್ತಿ ಇಳಿಯೂದರಾಗ ದಿಲ್ಲಿ ಬಂದಬಿಡ್ತೈತಿ. ತಿಂಗಳಿಗೊಮ್ಮೆ ಬರ್ತೇನಿ, ನೀ ಹೋಗು" ಅಂದೆ.

ಆಕೆ ಹೋದಳು. ಅಲ್ಲಿ ಆಕೆಗೆ ರಜೆ ಸಿಗಲಿಲ್ಲ. ಇಲ್ಲಿ ನನಗೆ ಪರೀಕ್ಷೆ, ಮೌಲ್ಯಮಾಪನ, ನೆಗಡಿ ಒಂದಾದ ಮೇಲೊಂದು ಬಂದವು, ಬಾರದಿದ್ದರೆ ನಾನೇ ತಂದುಕೊಂಡೆ. ಸಂಜೆ ಶಾಲೆಯಿಂದ ಬಂದು ಅದೇ ಪುಟ ತೆರೆದು ನೋಡುತ್ತಿದ್ದೆ, ದೂರವೇನಾದರೂ ಕಡಿಮೆಯಾಗಿದೆಯೇನೋ ಎಂಬಂತೆ. ವಿಡಿಯೋ ಕರೆ ಬೇಡವೆಂದು ಆಕೆಯೇ ಹೇಳಿದ್ದಳು. ಮುಖ ಕಂಡರೆ ಅಳು ಬರುತ್ತದಂತೆ.

ಪಕ್ಕದ ಮನೆಯ ಟೇಲರ್ ರಾಜೇಸಾಬ ಒಂದು ದಿನ ಕೇಳಿದ: "ಮಾಸ್ತರ, ಅಕ್ಕಾರು ಇರೋ ಊರು ಎಷ್ಟು ದೂರರಿ?"

"ಎರಡೂವರೆ ತಾಸು."

"ಇಷ್ಟ ಏನ್ರಿ? ಮತ್ತ ಯಾಕ ಹೋಗವಲ್ರಿ?"

ಅದೇ ವಾರ ಟಿಕೆಟ್ ತೆಗೆಸಿ, ನಾಲ್ಕು ದಿನ ರಜೆ ಹಾಕಿ, ಬೆಳಗಿನ ಹುಬ್ಬಳ್ಳಿ ಬಸ್ ಹತ್ತಿದೆ. ಬಸ್ ಸ್ಟ್ಯಾಂಡಿಗೆ ಬಂದು ರಾಜೇಸಾಬನೇ ಕಳಿಸಿಕೊಟ್ಟ. ಹುನಗುಂದದವರೆಗೆ ಧೈರ್ಯವಿತ್ತು. ಅಮೀನಗಡದಲ್ಲಿ ಶಾರದಾಳಿಗೆಂದು ಕರದಂಟು ಕೊಳ್ಳಲು ಇಳಿದೆ. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಅಂಗಡಿಯ ಮುಂದೆ ಪೊಟ್ಟಣ ಹಿಡಿದು ನಿಂತೇ ಇದ್ದೆ. ಬಸ್ ಹೋಯಿತು.

ಅಲ್ಲಿಂದಲೇ ಫೋನು ಮಾಡಿದೆ. "ಶಾರದಾ, ನನಗ ವಿಮಾನ ಅಂದ್ರ ಹೆದರಿಕಿ."

ಆಕೆ ಮೆಲ್ಲಗೆ ಅಂದಳು: "ಇಷ್ಟ ಏನ್ರಿ? ನಿಮಗ ಬರೋ ಮನಸ್ಸ ಇಲ್ಲ ಅಂತ ತಿಳಿಕೊಂಡಿದ್ದೆ ನಾ."

ಬೇಸಿಗೆ ರಜೆಯಲ್ಲಿ ರೈಲಿಗೆ ಬರುತ್ತೇನೆಂದೆ. ಎರಡು ದಿನದ ದಾರಿ. "ಬರ್ರಿ" ಅಂದಳು, ನಂಬಿದವಳಂತೆ.

ಈಗ ಊರಿಗೆ ಮುಖ ತೋರಿಸುವುದು ಹೇಗೆ? ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಒಳಸೇರಿದೆ. ಮುಂಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ನಾಲ್ಕು ದಿನ ಊರಿನ ಲೆಕ್ಕದಲ್ಲಿ ನಾನು ದಿಲ್ಲಿಯಲ್ಲಿದ್ದೆ. ರಾಜೇಸಾಬ ಬಂದು ಅಂಗಳದ ಗಿಡಗಳಿಗೆ ನೀರು ಹಾಕಿ ಹೋಗುವುದನ್ನು ಕಿಟಕಿಯ ಸಂದಿನಿಂದ ನೋಡುತ್ತಿದ್ದೆ. ಕೂಗಿ ಚಹಾ ಕುಡಿಯಲು ಕರೆಯಬೇಕೆನಿಸುತ್ತಿತ್ತು.

ಕೊನೆಯ ದಿನ ಶಾರದಾಳ ಫೋನು ಬಂತು. "ಯಾಕ ಸಣ್ಣಗ ಮಾತಾಡ್ತೀರಿ?"

"ಬಾಜೂ ಮನಿಗೆ ಕೇಳಸ್ತೈತಿ. ನಾ ದಿಲ್ಲ್ಯಾಗ ನಿನ್ನ ಹಂತೇಕ ಅದೇನಿ."

ನಕ್ಕಳು. "ನಾಳೆ ರಾಜೇಸಾಬಣ್ಣ ಅಕ್ಕಾರು ಹೆಂಗದಾರಂತ ಕೇಳಿದ್ರ ಏನ ಹೇಳ್ತೀರಿ?"

ಒಂದು ವರ್ಷದಿಂದ ಆಕೆಯ ಮುಖ ನೋಡದವನು ಏನು ಹೇಳಲಿ? ಬಾಯಿಗೆ ಬಂದದ್ದನ್ನು ಹೇಳಿದೆ: "ಸ್ವಲ್ಪ ಸೊರಗ್ಯಾಳ ಅಂತೇನಿ."

"ಅದು ಖರೇನ ಐತ್ರಿ" ಅಂದಳು.