ನೀರು ಬೇಡದ ಗಿಡ, ಸುಮ್ಮನಿರದ ಮಂದಿ

ಸಕ್ಯುಲೆಂಟ್ ಬೆಳೆಸುವವರಿಗೆ ಬಿಸಿಲಿನ ಭಯವಿಲ್ಲ, ಹುಳದ ಭಯವೂ ಅಷ್ಟಿಲ್ಲ. ಭಯವಿರುವುದು ಗಿಡದ ಮೇಲೆ ಮಮತೆ ಉಕ್ಕಿ ಬರುವ ಮಂದಿಯದು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿನ ಪಾಠ ಮುಗಿಸಿ ಮನೆಗೆ ಬಂದರೆ, ಬಾಲ್ಕನಿಯಲ್ಲಿ ನನಗೆ ಏನಾದರೊಂದು ಆಘಾತ ಕಾದೇ ಇರುತ್ತದೆ. ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ಈ ದಪ್ಪನೆಯ ಗಿಡಗಳಿಗೆ ಮಾಡಬೇಕಾದ ದೊಡ್ಡ ಸೇವೆಯೆಂದರೆ ಅವುಗಳ ತಂಟೆಗೆ ಹೋಗದಿರುವುದು. ಅದೊಂದು ಬಿಟ್ಟು ಮಿಕ್ಕ ಎಲ್ಲ ಸೇವೆ ನಮ್ಮಲ್ಲಿ ನಡೆಯುತ್ತದೆ.

ನನ್ನ ಆಸೆ ದೊಡ್ಡದೇನಲ್ಲ. ಊರಿನ ಹೂ-ಗಿಡಗಳ ಪ್ರದರ್ಶನದಲ್ಲಿ ನಾನು ಸಿಂಗರಿಸಿದ ಒಂದು ಕುಂಡ, ಒಂದೇ ಒಂದು, ಮೇಜು ಹತ್ತಬೇಕು. ಪ್ರತಿ ವರ್ಷ ಹೆಸರು ಕೊಡುತ್ತಿದ್ದೆ, ಪ್ರತಿ ವರ್ಷ ಗಿಡ ಕೈ ಕೊಡುತ್ತಿತ್ತು.

ಪೂಜೆಯ ನೀರು

ಮೊದಲ ಸಲ ಆರಿಸಿಟ್ಟಿದ್ದು ಗುಲಾಬಿ ಹೂವಿನಂತೆ ಎಲೆ ಸುತ್ತಿಕೊಂಡ ಗಿಡ. ಮಣ್ಣು ಪೂರಾ ಒಣಗಿದ ಮೇಲೆ ನಾಲ್ಕು ಚಮಚ ನೀರು, ಅಷ್ಟೇ. ಆದರೂ ಒಂದು ದಿನ ಮುಟ್ಟಿ ನೋಡಿದರೆ, ಗಿಡ ಬೆಂದ ಬದನೆಕಾಯಿಯ ಹಾಗೆ ಕಳಚಿ ಕೈಗೆ ಬಂತು. ಅತ್ತೆಯವರನ್ನು ಕೇಳಿದೆ.

"ದಿನಾ ಲಿಂಗಪೂಜಿ ನೀರು ಅದಕ್ಕ ಹಾಕ್ತೇನಲ್ಲ," ಎಂದರು. "ತುಳಿಯೋ ಜಾಗಾದಾಗ ಚೆಲ್ಲಬಾರದು. ಈ ಮನ್ಯಾಗ ಮಣ್ಣ ಅನ್ನೋದು ಎಲ್ಲೈತಿ? ಎಲ್ಲಾ ಟೈಲ್ಸ್!"

"ಅತ್ತ್ಯಾರ, ನೀರು ಹೆಚ್ಚಾಗಿ ಕೊಳತು ಹೋಗೇತ್ರಿ."

"ಪೂಜಿ ನೀರಿಗೆ ಯಾವುದರ ಕೊಳೀತೈತೇನು? ಪುಣ್ಯಾ ಪಚನ ಆಗಲಿಲ್ಲ ಅದಕ್ಕ, ಬಿಡು."

ಬಾದಾಮಿಯ ಕಲ್ಲು

ಕುಂಡದ ಮಣ್ಣಿನ ಮೇಲೆ ಬಣ್ಣದ ಕಲ್ಲು ಹರಡಿದರೆ ಗಿಡ ಎದ್ದು ಕಾಣುತ್ತದೆ. ಬಾದಾಮಿಯಲ್ಲಿ ಮನೆ ಕಟ್ಟಿಸುತ್ತಿದ್ದ ಗೆಳತಿ, ಕೆಂಪು ಕಲ್ಲಿನ ಚೂರು ಬೇಕಾದಷ್ಟು ಒಯ್ಯಿ ಎಂದಿದ್ದಳು. ಅವಳ ಮನೆಯ ಮುಂದೆ ರಸ್ತೆ ಬದಿಯ ರಾಶಿಯೆದುರು ಕುಳಿತು, ಒಂದೊಂದನ್ನೇ ಎತ್ತಿ, ಊದಿ, ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ತಲೆ ಎತ್ತಿದರೆ, ದೇವಿಯ ದರ್ಶನಕ್ಕೆ ಹೊರಟಿದ್ದ ಹೆಂಗಸರ ಗುಂಪೊಂದು ನನ್ನ ಸುತ್ತ ಕುಳಿತು ಅದನ್ನೇ ಮಾಡುತ್ತಿದೆ!

"ಎಷ್ಟ ತಗೋಬೇಕ್ರಿ?" ಎಂದು ಒಬ್ಬಾಕೆ ಭಕ್ತಿಯಿಂದ ಕೇಳಿದಳು.

ಗಾಬರಿಯಲ್ಲಿ ನನ್ನ ಬಾಯಿಂದ "ಐದು" ಎಂದು ಬಂದುಬಿಟ್ಟಿತು. ಎಲ್ಲರೂ ಐದೈದು ಆರಿಸಿ, ಕಣ್ಣಿಗೆ ಒತ್ತಿಕೊಂಡು ಹೊರಟರು. ನಾನೂ ಅಲ್ಲಿಂದ ಕಾಲ್ಕಿತ್ತೆ. ಬಸ್ಸು ಹತ್ತಬೇಕು, ಅಷ್ಟರಲ್ಲಿ ಅವರಲ್ಲೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು: "ಅಕ್ಕಾರ, ನಂದು ಆರು ಬಂದಾವ್ರಿ. ಏನರ ದೋಷ ಐತೇನ್ರಿ?"

ಧೂಳು

ಆ ಕಲ್ಲು ಹಾಕಿ ಸಿಂಗರಿಸಿದ ಮುಂದಿನ ಕುಂಡದಲ್ಲಿದ್ದದ್ದು ಬೂದು ಬಣ್ಣದ ಗಿಡ. ಎಲೆಯ ಮೇಲಿನ ಬಿಳಿ ಪುಡಿಯೇ ಅದರ ಸೊಬಗು. ಬೆರಳು ತಗುಲಿದರೂ ಅಳಿಸಿಹೋಗುತ್ತದೆ, ಆ ಎಲೆಗೆ ಮತ್ತೆ ಬರುವುದಿಲ್ಲ. ಮನೆಮಂದಿಯೆಲ್ಲ ಮದುವೆಗೆ ಹೋಗುವಾಗ, ಪಕ್ಕದ ಮನೆಯ ಗುಳೇದಗುಡ್ಡದ ಅಕ್ಕನಿಗೆ ಕೀಲಿ ಕೊಟ್ಟು, "ಏನೂ ಮಾಡಬ್ಯಾಡ್ರಿ, ಬರೇ ಒಂದು ಕಣ್ಣಿಟ್ಟಿರ್ರಿ" ಎಂದು ಕೈ ಮುಗಿದಿದ್ದೆ.

ವಾಪಸು ಬಂದರೆ ಗಿಡ ಹಚ್ಚಹಸಿರಾಗಿ ಥಳಥಳ ಹೊಳೆಯುತ್ತಿದೆ.

"ಎಷ್ಟ ಧೂಳ ಕುಂತಿತ್ರಿ ಮೇಡಂ! ಒಂದೊಂದ ಎಲಿ ಒರಸಿ, ಕೊಬ್ಬರಿ ಎಣ್ಣಿ ಹಚ್ಚೇನಿ," ಎಂದರು ಅಕ್ಕ.

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಮೂಲೆಯಲ್ಲಿದ್ದ, ಮೈತುಂಬ ಬಿಳಿ ಕೂದಲಿರುವ ಕಳ್ಳಿಯತ್ತ ಕೈ ತೋರಿಸಿದರು: "ಆ ಅಜ್ಜಿ ಒಬ್ಬಾಕಿ ಉಳದಾಳ್ರಿ. ನಾಳೆ ತಲಿ ಬಾಚಿ ಹೆರಳ ಹಾಕ್ತೇನಿ."

ಹುನಗುಂದದ ಕಾಕಾ

ಈ ವರ್ಷ ಹಟ ಹಿಡಿದೆ. ಅಗಲ ತಟ್ಟೆಯಂಥ ಕುಂಡ, ನಡುವೆ ಕೆಂಪು ಕಲ್ಲಿನ ಗುಡ್ಡ, ಅದರ ಸುತ್ತ ಎಳೆ ಹಸಿರಿನ ಪುಟ್ಟ ಎಲೆಗಳ ಸೀಡಮ್ ಗಿಡ ದಟ್ಟವಾಗಿ ಹಬ್ಬಿತ್ತು. ಯಾರ ಕೈಗೂ ಸಿಗದಂತೆ ಅದನ್ನು ಮಲಗುವ ಕೋಣೆಯ ಕಿಟಕಿಯಲ್ಲಿಟ್ಟು ಬೆಳೆಸಿದ್ದೆ. ಪ್ರದರ್ಶನದ ದಿನ ಊಟದ ಮೇಜಿನ ಮೇಲೆ ತಂದಿಟ್ಟು, ಇಳಕಲ್ ಸೀರೆ ಉಡಲು ಒಳಗೆ ಹೋದೆ.

ಅಷ್ಟರಲ್ಲಿ ಹುನಗುಂದದಿಂದ ನಮ್ಮ ಯಜಮಾನರ ಕಾಕಾ ಬಂದರು. ಅತ್ತೆಯವರು ರೊಟ್ಟಿ, ಎಣ್ಣೆಗಾಯಿ ಬಡಿಸಿ ಮಜ್ಜಿಗೆ ತರಲು ಹೋದರು. ನಮ್ಮ ಕಡೆ ರೊಟ್ಟಿಯ ಪಕ್ಕದಲ್ಲಿ ಹಕ್ಕರಕಿ, ಮೆಂತ್ಯದಂಥ ಸೊಪ್ಪನ್ನು ಹಸಿಯಾಗಿಯೇ ಇಡುವುದು ರೂಢಿ, ಅದಕ್ಕೂ ಪಲ್ಯ ಎಂದೇ ಹೆಸರು. ಕಾಕಾ ಕೈಗೆಟುಕಿದ ಹಸಿರನ್ನು ಚಿವುಟಿ ಚಿವುಟಿ ತಿನ್ನುತ್ತ ಹೋದರು.

ನೆರಿಗೆ ಹಿಡಿದುಕೊಂಡೇ ಹೊರಬಂದ ನಾನು ಕಿಟಾರನೆ ಕಿರುಚಿದೆ. ಸೀಡಮ್‌ನ ಚಿಗುರೆಲ್ಲ ಮಾಯ!

"ಪಲ್ಯ ಛಲೋ ಐತವಾ, ಸ್ವಲ್ಪ ಹುಳಿ," ಎಂದರು ಕಾಕಾ. "ಆದ್ರ ಸೋಸುಮುಂದ ಕಲ್ಲ ಆರಿಸಬೇಕಿತ್ತು."

ಸಿಟ್ಟು ಬರುವ ಮೊದಲೇ ಜೀವ ಬಾಯಿಗೆ ಬಂತು. ಹಿರಿಯರು, ಏನಾದರೂ ಹೆಚ್ಚುಕಮ್ಮಿಯಾದರೆ? ಸಸ್ಯಶಾಸ್ತ್ರದ ಸಹೋದ್ಯೋಗಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಈ ಜಾತಿಯದು ವಿಷವಲ್ಲ, ಹೆದರಬೇಡಿ ಎಂದರು. ಅದನ್ನೇ ಕಾಕಾನಿಗೆ ಹೇಳಿದೆ.

"ಹಂಗಾರ ಇನ್ನೊಂದಿಷ್ಟ ಕೊಡವಾ, ರೊಟ್ಟಿ ಉಳದೈತಿ."

ಆದದ್ದಾಗಲಿ ಎಂದು ಆ ಕುಂಡವನ್ನೇ ಆಟೋದಲ್ಲಿ ಒಯ್ದೆ. ಅದು ಪ್ರದರ್ಶನಕ್ಕೆಂದು ಬೆಳೆಸಿದ್ದು ಎಂದು ಅತ್ತೆಯವರಿಂದ ತಿಳಿದು, ಕಾಕಾ ಕೂಡ ಮುಖ ಸಣ್ಣದು ಮಾಡಿಕೊಂಡು ಜೊತೆಗೆ ಬಂದರು. ಅಂತೂ ನನ್ನ ಕುಂಡ ಮೇಜು ಹತ್ತಿತು. ತೀರ್ಪುಗಾರರು ಅದರ ಮುಂದೆ ಬಂದವರು ನಿಂತೇಬಿಟ್ಟರು. ಕನ್ನಡಕ ಸರಿಮಾಡಿಕೊಂಡು, "ಏನ್ ಚಂದ ಚಿವುಟೀರಿ ಮೇಡಂ! ಎಲ್ಲಾ ಒಂದೇ ಸಮ. ಇದನ್ನ ಯಾರು ಕಲಿಸಿದ್ರು?" ಎಂದರು. ನನಗೆ ನಂಬಲಾಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಮುಂದೆ ಬಂದರು.

"ಚಿವುಟಿದಾವ ನಾನ ರೀ. ಕಲಿಯೂದೇನಿಲ್ಲ ಸಾಹೇಬರ, ಕೈಯಾಗ ಒಂದು ರೊಟ್ಟಿ ಇದ್ರ ಸಾಕು."

ತೀರ್ಪುಗಾರರ ಪೆನ್ನು ಅಲ್ಲೇ ನಿಂತಿತು. ಬಹುಮಾನ ಪಕ್ಕದ ಕುಂಡಕ್ಕೆ ಹೋಯಿತು. ನಾನು ಹೇಗೋ ತಡೆದುಕೊಂಡೆ, ಕಾಕಾನಿಗೆ ತಡೆಯಲಾಗಲಿಲ್ಲ. ಇಡೀ ಪ್ರದರ್ಶನಕ್ಕೆ ಕೇಳುವಂತೆ ಗುಡುಗಿದರು:

"ಇದೆಂಥಾ ನ್ಯಾಯ? ಅದರ ರುಚಿನೂ ನೋಡ್ಲಾರದ ಬಹುಮಾನ ಕೊಟ್ರಲ್ಲ!"