ಟಿ.ವಿ. ಮುಂದೆ ಅವರೆ ಹಿತಕಿದ ವೀರ

ತೂಕ ಇಳಿಸುವುದೇನು ಮಹಾ ವಿದ್ಯೆ? ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನನಗೆ ಕಳೆಯುವ ಲೆಕ್ಕ ಹೊಸದೇ? ಹಾಗಂತ ಶ್ರೀನಿವಾಸಪುರದ ಡಾಕ್ಟರ ಮುಂದೆ ಎದೆ ತಟ್ಟಿ ಹೇಳಿದೆ. ಕೈಗೆ ಮೊದಲು ಸಿಕ್ಕಿದ್ದು ಹೊಟ್ಟೆ, ಆ ಮಾತು ಬೇರೆ.

"ಟಿ.ವಿ. ನೋಡ್ತಾ ತಿಂತೀರಾ?" ಎಂದರು ಡಾಕ್ಟರು.

"ಇಲ್ಲ ಸಾರ್."

"ತಿನ್ನೋದು ಇವರಿಗೇ ಗೊತ್ತಾಗಲ್ಲ ಡಾಕ್ಟ್ರೇ," ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ ನಾಗರತ್ನ. "ಮೊನ್ನೆ ಕ್ರಿಕೆಟ್ ಮುಗಿಯೋ ಹೊತ್ತಿಗೆ ಡಬ್ಬದ ನಿಪ್ಪಟ್ಟೆಲ್ಲಾ ಖಾಲಿ. ಆಮೇಲೆ, ನಿಪ್ಪಟ್ಟು ಯಾಕೆ ಕೊಡಲಿಲ್ಲ ಅಂತ ನನ್ನನ್ನೇ ಬೈದ್ರು!"

ಟಿ.ವಿ. ಮುಂದೆ ಏನೂ ತಿನ್ನಬಾರದು, ಕೈಗೆ ಏನಾದರೂ ಕೆಲಸ ಕೊಡಬೇಕು, ದಿನಾ ನಡೆಯಬೇಕು ಎಂದು ಅಪ್ಪಣೆಯಾಯಿತು. ಮನೆಗೆ ಬಂದ ಮೇಲೆ ನಾಗರತ್ನ ಇನ್ನೊಂದು ಕಲಮು ಸೇರಿಸಿದಳು. ಸಂಕ್ರಾಂತಿಯೊಳಗೆ ತೂಕ ಇಳಿಯದಿದ್ದರೆ ಟಿ.ವಿ. ಗೌನಿಪಲ್ಲಿಯ ಅವಳ ಅಣ್ಣನ ಮನೆಗೆ! ಭಾವನ ಟಿ.ವಿ. ಸಿಡಿಲಿಗೆ ಸುಟ್ಟುಹೋಗಿತ್ತು. ಅಂದಿನಿಂದ ಅವರು ಆಗಾಗ ಫೋನು ಮಾಡಿ ನನ್ನ ಆರೋಗ್ಯವನ್ನು ಬಹಳ ಪ್ರೀತಿಯಿಂದ ವಿಚಾರಿಸತೊಡಗಿದರು.

ಅವರೆಕಾಯಿ ಕಾಲ ಶುರುವಾಗಿತ್ತು. ನಮ್ಮ ಕಡೆ ಈ ಕಾಲದಲ್ಲಿ ಮನೆಯವರೆಲ್ಲ ಟಿ.ವಿ. ಮುಂದೆ ಕೂತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುತ್ತಾರೆ. ನಾಗರತ್ನ ಒಂದು ಬೋಸಿ ಕಾಳು ನನ್ನ ಮುಂದೆ ಇಟ್ಟಳು. ಬೇಳೆಗೊಂದು ಪಾತ್ರೆ, ಸಿಪ್ಪೆಗೊಂದು ಬಕೆಟ್ಟು.

ಮೊದಲ ಕಾಳನ್ನೇ ಜೋರಾಗಿ ಹಿತಕಿದೆ. ಬೇಳೆ ಚಿಮ್ಮಿ ವಾರ್ತೆ ಓದುತ್ತಿದ್ದವಳ ಹಣೆಗೆ ಬಿತ್ತು. ಎರಡನೆಯದು ನಾಗರತ್ನಳ ಹಣೆಗೆ! ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮ್ಯಾಚು ಕೊನೆಯ ಓವರಿಗೆ ಬಂದಾಗ ನನ್ನ ಕೈಗಳು ದಾರಿ ತಪ್ಪಿ, ಬೇಳೆ ಬಕೆಟ್ಟಿಗೂ ಸಿಪ್ಪೆ ಪಾತ್ರೆಗೂ ಬಿದ್ದವು. ಬಕೆಟ್ಟನ್ನು ಪಕ್ಕದ ಮನೆಯ ಮುನಿಯಮ್ಮಕ್ಕನ ಹಸುವಿನ ಮುಂದೆ ಸುರಿದು ಬಂದವನೂ ನಾನೇ. ನಮ್ಮ ಮನೆಯಲ್ಲಿ ಅಂದು ಸಿಪ್ಪೆಯ ಸಾರು.

"ಮೇಷ್ಟ್ರೇ, ನಮ್ಮ ಹಸು ಇವತ್ತು ಬೂಸಾ ಮೂಸಿನೂ ನೋಡ್ತಿಲ್ಲ," ಎಂದು ಮುನಿಯಮ್ಮಕ್ಕ ಬಾಗಿಲಿಗೆ ಬಂದರು. "ನೀವೇನ್ ಹಾಕಿದ್ರಿ?"

ಆದರೆ ಸೋಲೊಪ್ಪುವ ಜಾತಿ ನನ್ನದಲ್ಲ. ಸ್ವಲ್ಪ ದಿನದಲ್ಲೇ ಹೆಬ್ಬೆರಳು ಪಳಗಿತು. ಕಣ್ಣು ಟಿ.ವಿ. ಮೇಲೆ, ಕೈ ಬೋಸಿಯಲ್ಲಿ, ಬಾಯಿ ಬಂದ್! ಕುರುಕಲಿನ ನೆನಪೇ ಇಲ್ಲ. ನನ್ನ ವೇಗ ನೋಡಿ ಮುನಿಯಮ್ಮಕ್ಕ ಮೂಗಿನ ಮೇಲೆ ಬೆರಳಿಟ್ಟರು. ಮರುದಿನ ಅವರ ಮನೆಯ ಕಾಳೂ ಬಂತು. ಆಮೇಲೆ ಬೀದಿಯ ಕಾಳೆಲ್ಲ ಬಂತು. ನಿವೃತ್ತನಾದ ಮೇಲೆ ನನ್ನನ್ನು ಯಾರಾದರೂ ಹೀಗೆ ಹುಡುಕಿಕೊಂಡು ಬಂದದ್ದು ಅದೇ ಮೊದಲು. ನಿಜ ಹೇಳುತ್ತೇನೆ, ನನಗೆ ತುಂಬಾ ಸಂತೋಷವಾಯಿತು.

ಕೆಲಸ ಮಾಡಿಸಿಕೊಂಡು ಸುಮ್ಮನಿರುವ ಜನವಲ್ಲ ನಮ್ಮ ಬೀದಿಯವರು. ಒಬ್ಬರು ಹಿತಕಿದ ಬೇಳೆ ಸಾರು, ಮುದ್ದೆ ಕಳಿಸಿದರು. ಇನ್ನೊಬ್ಬರು ಅವರೆಕಾಳು ಉಪ್ಪಿಟ್ಟು. ಮತ್ತೊಬ್ಬರು ಎಣ್ಣೆಯಲ್ಲಿ ಕರಿದ ಬೇಳೆ, ಕರಿಬೇವಿನ ಸಮೇತ. ಬೇಡ ಎಂದರೆ ಮುಖ ಸಣ್ಣದು ಮಾಡುತ್ತಾರೆ. ನಾನಾದರೋ ಶಿಸ್ತಿನ ಮನುಷ್ಯ. ಮೊದಲು ಟಿ.ವಿ. ಆಫ್ ಮಾಡುತ್ತಿದ್ದೆ. ಆಮೇಲೆ ತಿನ್ನುತ್ತಿದ್ದೆ. ವೈದ್ಯರ ಆಜ್ಞೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿ ತಾಲ್ಲೂಕಿನಲ್ಲೇ ಇರಲಾರ! ನಡೆಯಲು ಮಾತ್ರ ಪುರುಸೊತ್ತಾಗಲಿಲ್ಲ. ಮೈಮೇಲೆ ಸದಾ ಲುಂಗಿ. ಲುಂಗಿ ಯಾರ ಮೇಲೂ ಚಾಡಿ ಹೇಳುವುದಿಲ್ಲ.

ಸಂಕ್ರಾಂತಿ ಬಂತು. ಟಿ.ವಿ. ಸುತ್ತಲು ಹಳೇ ಜಮಖಾನೆ ಹಿಡಿದುಕೊಂಡು ಭಾವನೂ ಬಂದರು. ಎಲ್ಲರೂ ಅವರೆಕಾಯಿ ಮಂಡಿಗೆ ಹೋದೆವು. ಮೂಟೆ ತೂಗುವ ತಕ್ಕಡಿಯ ಮೇಲೆ ನಾನು ಗೆದ್ದ ಪೈಲ್ವಾನನಂತೆ ಹತ್ತಿ ನಿಂತೆ. ಹಮಾಲಿ ಅಂಕಿ ನೋಡಿದ. ನನ್ನನ್ನು ನೋಡಿದ.

"ಮೇಷ್ಟ್ರೇ, ಚೀಲ ಕೆಳಗಿಟ್ಟು ನಿಂತ್ಕೊಳ್ಳಿ," ಎಂದ.

ನನ್ನ ಕೈಯಲ್ಲಿ ಚೀಲವೇ ಇರಲಿಲ್ಲ!

ತೂಕ ನಾಲ್ಕು ಕೆ.ಜಿ. ಏರಿತ್ತು. ನಾಗರತ್ನ ಮನೆಗೆ ಬಂದವಳೇ ಟಿ.ವಿ.ಯ ವಯರು ಕಿತ್ತಳು. ಭಾವ ಜಮಖಾನೆ ಹಾಸಿದರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆ ಏಕೆ?

ಅಷ್ಟರಲ್ಲಿ ಮುನಿಯಮ್ಮಕ್ಕನ ಹಿಂದೆ ಬೀದಿಯ ಹೆಂಗಸರೆಲ್ಲ ನುಗ್ಗಿದರು.

"ಅಯ್ಯೋ ದೇವುಡಾ! ಟಿ.ವಿ. ಹೋದ್ರೆ ಮೇಷ್ಟ್ರ ಕೈ ಆಡಲ್ಲ ಕಣೇ ನಾಗರತ್ನ. ನಮ್ ಕಾಳೆಲ್ಲ ಯಾರು ಹಿತುಕ್ತಾರೆ? ನಿಮ್ಮಣ್ಣ ಹಿತುಕ್ತಾರಾ?"

ಭಾವ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಮೆಲ್ಲನೆ ಜಮಖಾನೆ ಮಡಚಿದರು. ನಾಗರತ್ನ ಒಬ್ಬಳೇ, ಎದುರಿಗೆ ಇಡೀ ಬೀದಿ. ಟಿ.ವಿ. ಉಳಿಯಿತು! ನಿವೃತ್ತ ಗಣಿತದ ಮೇಷ್ಟ್ರಿಗೆ ಇಂಥ ಬಹುಮತ ಯಾವ ಊರಲ್ಲಿ ಸಿಕ್ಕೀತು? ಬೆಳಿಗ್ಗೆ ಸಂಜೆ ನಡೆಯುವುದೆಂದೂ, ಇನ್ನು ಮೇಲೆ ಯಾರ ಮನೆಯ ತಿಂಡಿಯನ್ನೂ ಮುಟ್ಟುವುದಿಲ್ಲವೆಂದೂ ಎಲ್ಲರ ಮುಂದೆ ಘೋಷಿಸಿದೆ.

"ಹೆಂಗೂ ಅವರೆ ಮುಗೀತಾ ಬಂತಲ್ಲ ಮೇಷ್ಟ್ರೇ," ಎಂದರು ಮುನಿಯಮ್ಮಕ್ಕ. "ಇನ್ನು ಹುಣಸೆಹಣ್ಣು ಬರುತ್ತೆ. ಕೂತ್ಕೊಂಡು ಬೀಜ ತೆಗೀರಿ."

ನನಗೆ ಆನಂದವೋ ಆನಂದ. ಹುಣಸೆಹಣ್ಣನ್ನು ಯಾರು ತಾನೇ ಬಟ್ಟಲು ಬಟ್ಟಲು ತಿನ್ನಿಸಿಯಾರು? ಸಂತೋಷದಿಂದ ಒಪ್ಪಿಕೊಂಡೆ.

ಪುಳಿಯೋಗರೆ ಎಂಬುದೊಂದಿದೆ ಎಂದು ಆ ಗಳಿಗೆಯಲ್ಲಿ ಈ ಬುದ್ಧಿವಂತನಿಗೆ ಹೊಳೆಯಲಿಲ್ಲ!