ಇಡೀ ತಿಂಗಳು ಒಂದೇ ಬೆಳಿಗ್ಗೆ ಬಂತು

ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂದು ಯಜಮಾನರ ಮುಂದೆ ಎದೆ ತಟ್ಟಿಕೊಂಡೇ ನಾನು ಆ ಕೆಲಸಕ್ಕೆ ಕೈ ಹಾಕಿದ್ದು. ಅವರು ಪ್ರಾಣಿಗಳ ಡಾಕ್ಟರು. ಕ್ಲಿನಿಕ್ ನಮ್ಮ ಮನೆಯ ಕೆಳಗೇ ಇದೆ. ಯಾರು ಯಾವತ್ತು, ಎಷ್ಟು ಹೊತ್ತಿಗೆ ಬರಬೇಕೆಂದು ಫೋನು ಮಾಡಿ ಮಾಡಿ ಅವರ ಗಂಟಲು ಕಟ್ಟಿತ್ತು. ಕಂಪ್ಯೂಟರಿನಲ್ಲಿ ತಾರೀಖು ಒಂದು ಕಡೆ, ಗಂಟೆ ಇನ್ನೊಂದು ಕಡೆ ಇದ್ದವು. ಗಂಟೆಗೂ ತಾರೀಖಿಗೂ ಗಂಟು ಹಾಕಿ ಎಲ್ಲರ ಮೊಬೈಲಿಗೆ ಸಂದೇಶ ಕಳಿಸಿಬಿಟ್ಟರೆ ಮುಗಿಯಿತಲ್ಲ!

"ಒಂದ್ಸಲ ಪರೀಕ್ಷೆ ಮಾಡಿ ನೋಡೇ," ಎಂದರು.

"ರೀ, ನೀವು ಬಾಲ ಹಿಡ್ಕೊಳ್ಳಿ. ತಲೆ ಓಡಿಸೋದು ನನಗೆ ಬಿಡಿ," ಎಂದು ಬೆಳ್ಳಂಬೆಳಿಗ್ಗೆ ಗುಂಡಿ ಒತ್ತಿದೆ.

ಹತ್ತು ಗಂಟೆಗೆ ಕೆಳಗೆ ಬೊಗಳಾಟ ಶುರುವಾಯಿತು. ಇಳಿದು ನೋಡಿದರೆ ಬೆಂಚು ತುಂಬಿ, ಮೆಟ್ಟಿಲು ತುಂಬಿ, ಸಾಲು ಬೀದಿಗೆ ಹರಿದಿದೆ. ಆ ತಿಂಗಳಲ್ಲಿ ಹತ್ತು ಗಂಟೆಗೆ ಬರಬೇಕಾಗಿದ್ದ ಸಕಲ ಜೀವರಾಶಿಯೂ ಅಂದೇ ದಯಮಾಡಿಸಿತ್ತು! ಕಂಪ್ಯೂಟರಿಗೆ ಬರೀ 'ಹತ್ತು ಗಂಟೆ' ಎಂದು ಹೇಳಿದರೂ ಅದು ಸದ್ದಿಲ್ಲದೆ ಆ ದಿನದ ತಾರೀಖನ್ನು ಗಂಟೆಯ ಬೆನ್ನಿಗೆ ಕಟ್ಟಿಬಿಡುತ್ತದಂತೆ. ನಾನು ಆ ತಾರೀಖನ್ನೇ ಎಲ್ಲರಿಗೂ ಹಂಚಿದ್ದೆ. ಅಸಲಿ ತಾರೀಖು ಮಾತ್ರ, ಮಂಟಪಕ್ಕೆ ಕರೆಯಲು ಮರೆತ ಮದುಮಗನ ಹಾಗೆ, ತನ್ನ ಮೂಲೆಯಲ್ಲೇ ಕುಳಿತಿತ್ತು.

ನಾಯಿಗಳನ್ನು ಕಂಡ ಬೆಕ್ಕೊಂದು ಹತ್ತಲು ಮರ ಹುಡುಕಿತು. ಸಿಕ್ಕಿದವಳು ನಾನು. ನನ್ನ ಹೆಗಲೇರಿದ ಬೆಕ್ಕಿಗಾಗಿ ನಾಯಿಗಳು ನನ್ನ ಮೇಲೆಯೇ ದಂಡೆತ್ತಿ ಬಂದವು. ಬೆಂಚು ಮಗುಚಿತು, ಪಂಜರದ ಬಾಗಿಲು ತೆರೆಯಿತು, ಗಿಳಿಯೊಂದು ಫ್ಯಾನಿನ ಮೇಲೆ ಕುಳಿತು ಮನೆಯಲ್ಲಿ ಕಲಿತ ಬೈಗುಳವನ್ನೆಲ್ಲ ನನಗೆ ಒಪ್ಪಿಸಿತು. ಹಿರಿಯರೊಬ್ಬರಿಗೆ ಮಾತ್ರ ಸಂತೋಷವೋ ಸಂತೋಷ. ಅವರ ಆಮೆ ಹುಟ್ಟಿದಾಗಿನಿಂದ ಎಲ್ಲಿಗೂ ಇಷ್ಟು ಬೇಗ ಬಂದದ್ದೇ ಇಲ್ಲವಂತೆ.

ಎಲ್ಲರ ಕಾಲಿಗೂ ಬೀಳುವಷ್ಟರಲ್ಲಿ ಹನ್ನೊಂದು ಹೊಡೆಯಿತು. ಹನ್ನೊಂದರವರು ಬರತೊಡಗಿದರು.

ಯಜಮಾನರು ಒಂದಾದ ಮೇಲೊಂದಕ್ಕೆ ಸೂಜಿ ಚುಚ್ಚುತ್ತಲೇ ಇದ್ದರು. ಕುತ್ತಿಗೆಯ ತುಂಬ ಪರಚಿದ ಗಾಯ ಹೊತ್ತು ಒಳಗೆ ಹೋಗಿ, "ರೀ, ಸ್ವಲ್ಪ ಔಷಧಿ ಹಚ್ಚಿ," ಎಂದೆ.

ಅವರು ತಲೆಯೆತ್ತಲಿಲ್ಲ. "ಸಾಲಲ್ಲಿ ಬಾ."

ಸಾಲಿನ ತುದಿಯಲ್ಲಿ ಅಜ್ಜಿಯೊಬ್ಬರು ಕತ್ತೆ ಹಿಡಿದು ನಿಂತಿದ್ದರು. ತೆಪ್ಪಗೆ ಅದರ ಹಿಂದೆ ನಿಂತೆ. ನನ್ನ ಅವತಾರ ನೋಡಿ ಅಜ್ಜಿಗೆ ಕರುಳು ಚುರ್ ಎಂದಿತು.

"ನೀನೇ ಮುಂದೆ ಹೋಗಮ್ಮ," ಎಂದರು. "ನಮ್ಮದು ಕಾಯುತ್ತೆ. ಅದಕ್ಕೆ ಬುದ್ಧಿ ಇದೆ."